ಪಕ್ಕದ ಮಿಸ್ಸಿನ ಮುಖ

ಆ ಶಾಲೆಯಲ್ಲಿ ಮಿಸ್ಸುಗಳು ಇಬ್ಬರೇ. ಒಬ್ಬರು ದೊಡ್ಡ ಮಿಸ್ಸು, ಇನ್ನೊಬ್ಬಳು ಪಕ್ಕದ ಮಿಸ್ಸು. ದೊಡ್ಡ ಮಿಸ್ಸು ವಯಸ್ಸಿನಲ್ಲೂ ಎತ್ತರದಲ್ಲೂ ಚಿಕ್ಕವರೇ, ಆದರೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಅವರದಾದ್ದರಿಂದ ದೊಡ್ಡವರು. ಇನ್ನೊಬ್ಬಳು ಯಾವಾಗ ನೋಡಿದರೂ ಒಂದು ಮಗುವಿನ ಪಕ್ಕದಲ್ಲಿ ಕೂತಿರುತ್ತಿದ್ದಳು, ಅದಕ್ಕೇ ಪಕ್ಕದ ಮಿಸ್ಸು. ನೇಮಕದ ಕಾಗದದಲ್ಲಿ ‘ಕಲಿಕಾ ಸಹಾಯಕಿ’ ಎಂದಿತ್ತು. ಅಷ್ಟುದ್ದ ಕರೆಯುವ ಪುರುಸೊತ್ತು ಮಕ್ಕಳಿಗೆಲ್ಲಿದೆ?

ಸಹಾಯಕಿ ಎಂದರೆ ಏನು ಕೆಲಸ ಎಂದು ನೆಂಟರು ಕೇಳಿದರೆ ಅವಳು ತಡವರಿಸುತ್ತಿದ್ದಳು. ಪೆನ್ಸಿಲ್ ಚೂಪು ಮಾಡುವುದು, ಸುರಿಯುವ ಮೂಗು ಒರೆಸುವುದು, ಬಿಚ್ಚಿಹೋದ ಲಾಡಿ ಕಟ್ಟುವುದು, ಅಳುವವರನ್ನು ನಲ್ಲಿಯ ಹತ್ತಿರ ಕರೆದೊಯ್ದು ಮುಖ ತೊಳೆಸುವುದು. ಐವತ್ತು ದಾಟಿದ ಮೈಯನ್ನು ಪುಟಾಣಿಗಳ ಬೆಂಚಿನೊಳಗೆ ತೂರಿಸಿ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು, ಸಂಜೆ ಏಳುವಾಗ ಸೊಂಟ ಹಿಡಿದುಕೊಂಡು ‘ಅಯ್ಯಮ್ಮಾ’ ಎನ್ನುವುದು. ಇದನ್ನೆಲ್ಲ ಕೆಲಸ ಎಂದು ಹೇಳಿಕೊಂಡರೆ ಯಾರು ಒಪ್ಪುತ್ತಾರೆ? ಅದಕ್ಕೆ ಅವಳು ‘ಒಂದು ಮಗುವಿಗೆ ಓದು ಹೇಳಿಕೊಡ್ತೀನಿ’ ಎಂದುಬಿಡುತ್ತಿದ್ದಳು. ಹಾಗೆನ್ನುವಾಗ ಅವಳ ಕತ್ತು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಈ ಕೆಲಸಕ್ಕೆ ಅವಳು ಅರ್ಜಿ ಹಾಕಿದವಳೇ ಅಲ್ಲ. ಒಂದು ದಿನ ಶಾಲೆಯ ಮುಂದಿನ ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದಳು. ಗೇಟು ತಳ್ಳಿಕೊಂಡು ಒಂದು ಹೆಣ್ಣುಮಗು ಬಾಣದ ಹಾಗೆ ಹೊರಗೆ ಓಡಿಬಂತು, ಎದುರಿನಿಂದ ಲಾರಿ ಬರುತ್ತಿತ್ತು. ಇವಳು ಫ್ರಾಕು ಹಿಡಿದೆಳೆದು ಮಗುವಿನ ಸಮೇತ ರಸ್ತೆಬದಿಯ ಮಣ್ಣಿನಲ್ಲಿ ಕುಕ್ಕರಿಸಿದಳು. ಮಗು ಪರಚಿತು, ಕಚ್ಚಿತು, ಆಮೇಲೆ ಸುಸ್ತಾಗಿ ಇವಳ ಭುಜಕ್ಕೆ ತಲೆಯಿಟ್ಟಿತು. ಏದುಸಿರು ಬಿಡುತ್ತ ಓಡಿಬಂದ ದೊಡ್ಡ ಮಿಸ್ಸು ಆ ದೃಶ್ಯ ನೋಡಿ, “ಅಕ್ಕಾ, ನಾಳೆಯಿಂದ ನೀವು ಬಂದು ಇವಳ ಪಕ್ಕ ಕೂತ್ಕೋತೀರಾ?” ಎಂದು ಕೇಳಿದರು. ಕಾಗದಪತ್ರವೆಲ್ಲ ಆಮೇಲೆ ಆಯಿತು.

ಆ ಮಗು ಮಾತಾಡುತ್ತಿರಲಿಲ್ಲ. ಕಿವಿ ಕೇಳುತ್ತಿತ್ತು, ನಗು ಬರುತ್ತಿತ್ತು, ಹಟ ಬೇಕಾದಷ್ಟಿತ್ತು, ಮಾತು ಮಾತ್ರ ಇಲ್ಲ. ಅಪ್ಪ ಎನ್ನುವವನು ಮಗು ತೊಟ್ಟಿಲಲ್ಲಿರುವಾಗಲೇ ಕೈಬಿಟ್ಟು ಹೋಗಿದ್ದ. ತಾಯಿ ಹೊಲಿಗೆಯವಳು, ಊರಿನ ಅರ್ಧ ಜನರ ಅಳತೆ ಅವಳ ಬಾಯಲ್ಲಿತ್ತು. ಮಗಳ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ತಲೆ ತಗ್ಗಿಸಿ ಮಿಷನ್ನಿನ ಚಕ್ರ ಜೋರಾಗಿ ತಿರುಗಿಸುತ್ತಿದ್ದಳು.

ಪಕ್ಕದ ಮಿಸ್ಸು ತನಗೆ ತೋಚಿದ ದಾರಿ ಹಿಡಿದಳು. ಚಪ್ಪಲಿಯ ರಟ್ಟಿನ ಡಬ್ಬಿ ಕತ್ತರಿಸಿ ಚೀಟಿ ಮಾಡಿದಳು, ಒಂದೊಂದರ ಮೇಲೆ ಒಂದೊಂದು ಪದ ದಪ್ಪಗೆ ಬರೆದಳು. ನಾಲ್ಕು ಚೀಟಿ ಮುಂದಿಟ್ಟು ಒಂದು ಪದ ಹೇಳುವುದು, ಮಗು ಬೆರಳಿಟ್ಟು ತೋರಿಸುವುದು. ಮೊದಲ ವರ್ಷ ಚೀಟಿಗಳನ್ನು ಕಚ್ಚಿ ಉಗುಳಿದ್ದೇ ಬಂತು. ಎರಡನೆಯ ವರ್ಷದಲ್ಲಿ ಒಂದು ದಿನ ಬೆರಳು ಚೀಟಿಗಳ ಮೇಲೆ ನಿಧಾನವಾಗಿ ಸರಿಯುತ್ತ ಹೋಗಿ ‘ಹಾಲು’ ಎನ್ನುವಲ್ಲಿ ನಿಂತಿತು. ಮಾರನೆಯ ದಿನ ‘ಮರ’ದಲ್ಲಿ ನಿಂತಿತು. ಸರಿಯಾದಾಗಲೆಲ್ಲ ಮಿಸ್ಸು ಅವಳ ಕೆನ್ನೆ ಸವರುತ್ತಿದ್ದಳು. ಆಮೇಲೆ ತಪ್ಪುವುದೇ ಅಪರೂಪವಾಯಿತು. ದೊಡ್ಡ ಮಿಸ್ಸು ಖುಷಿ ತಡೆಯಲಾರದೆ ಮಗುವಿಗೆ ‘ಚೂಟಿ’ ಎಂದು ಹೆಸರಿಟ್ಟರು, ಅದೇ ಊರೆಲ್ಲ ಹಬ್ಬಿತು. ಈಗ ಮಗಳ ಬಗ್ಗೆ ಯಾರಾದರೂ ಕೇಳಿದರೆ ಹೊಲಿಗೆಯವಳು ಮಿಷನ್ ನಿಲ್ಲಿಸಿ ಉತ್ತರ ಕೊಡುತ್ತಿದ್ದಳು. “ಮಾತಿಲ್ಲ ಅಷ್ಟೇ, ಓದೋದೆಲ್ಲ ಓದ್ತಾಳೆ.”

ಆ ಶಾಲೆಯ ತರಗತಿಗಳು ಮುಗಿದು ಚೂಟಿ ಮುಂದಕ್ಕೆ ಹೋಗುವ ಹೊತ್ತು ಬಂದಾಗ ಗಂಟು ಬಿತ್ತು. ಮೇಲಿನ ಕಚೇರಿಯಿಂದ ಒಬ್ಬರು ಮೇಡಂ ಬಂದು ಅವಳ ಓದು ಪರೀಕ್ಷಿಸಬೇಕು. ಓದು ಬರುತ್ತದೆ ಎಂದಾದರೆ ಪೇಟೆಯ ದೊಡ್ಡ ಶಾಲೆ, ದಿನಾ ಸಂಜೆ ಬಸ್ಸಿನಲ್ಲಿ ಮನೆಗೆ. ಬರುವುದಿಲ್ಲ ಎಂದಾದರೆ ದೂರದ ಊರಿನ ವಸತಿ ಶಾಲೆ. ಇಂಥ ಮಕ್ಕಳನ್ನೇ ಇಟ್ಟುಕೊಳ್ಳುವ ಜಾಗ ಅದು. ರಜೆ ಬಿಟ್ಟಾಗ ಮಾತ್ರ ತಾಯಿಯ ಮುಖ ನೋಡಲು ಸಿಗುವುದು. ಪಕ್ಕದ ಮಿಸ್ಸಿಗೆ ಒಂದಿಷ್ಟೂ ಚಿಂತೆಯಿರಲಿಲ್ಲ. “ಬರಲಿ ಬಿಡಿ, ನಮ್ಮ ಚೂಟಿ ಅವರನ್ನೇ ಬೆಪ್ಪು ಮಾಡಿ ಕಳಿಸ್ತಾಳೆ” ಎಂದಿದ್ದಳು.

ಪರೀಕ್ಷೆಯ ಹಿಂದಿನ ದಿನ ಅವಳ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಊದಿ ಒಂದು ಕಡೆಯ ಮುಖವೇ ಬದಲಾಗಿತ್ತು. ಗಂಡನ ಮಫ್ಲರನ್ನು ಮೂಗಿನ ಕೆಳಗಿನಿಂದ ಗದ್ದದವರೆಗೆ ಬಿಗಿಯಾಗಿ ಸುತ್ತಿಕೊಂಡು ಶಾಲೆಗೆ ಬಂದಳು. “ಮಿಸ್, ಕಳ್ಳರ ಥರ ಇದೀರ” ಎಂದು ಮಕ್ಕಳು ಕಿಸಿಕಿಸಿ ನಕ್ಕರು. ನಗಲಿ ಎಂದು ಬಿಟ್ಟು ಚೂಟಿಯ ಮುಂದೆ ಚೀಟಿ ಹರಡಿದಳು. ಹಾಲು, ಮರ, ಚೆಂಡು, ಬಾಗಿಲು. ವರ್ಷಗಳಿಂದ ಅರೆದು ಕುಡಿದ ಪದಗಳು.

“ಹಾಲು ಎಲ್ಲಿದೆ?”

ಬೆರಳು ಹೊರಟಿತು. ಹಾಲಿನ ಮೇಲೆ ಹಾದು ಮುಂದೆ ಹೋಯಿತು. ಮರ ದಾಟಿತು, ಚೆಂಡು ದಾಟಿತು, ಬಾಗಿಲು ದಾಟಿತು, ಮತ್ತೆ ಹಾಲಿಗೆ ಬಂತು, ಮತ್ತೆ ಹೊರಟಿತು. ಚೂಟಿ ಮಿಸ್ಸನ್ನು ನೋಡಿದಳು, ಮತ್ತೆ ಬೆರಳು ಸುತ್ತಿಸಿದಳು. ಎಲ್ಲೂ ನಿಲ್ಲಲಿಲ್ಲ.

ಜ್ವರ ಬಂದಿರಬೇಕೆಂದು ಮಿಸ್ಸು ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಹಲ್ಲಿನ ಸಂದಿಗೆ ಲವಂಗ ಇಟ್ಟುಕೊಳ್ಳಲು ಮಫ್ಲರ್ ಕೆಳಗೆಳೆದು, “ಹಾಲು ಎಲ್ಲಿದೆಯೇ ತಾಯಿ?” ಎಂದು ಮತ್ತೊಮ್ಮೆ ಕೇಳಿದಳು. ಬೆರಳು ಹೋಗಿ ಹಾಲಿನ ಮೇಲೆ ನಿಂತಿತು. ಸದ್ಯ ಎಂದುಕೊಂಡು ಮಫ್ಲರ್ ಮೇಲೇರಿಸಿ ‘ಚೆಂಡು’ ಎಂದಳು. ಬೆರಳು ಗಾಣದ ಎತ್ತಿನಂತೆ ಸುತ್ತತೊಡಗಿತು. ಮಫ್ಲರ್ ಇಳಿಸಿದಳು. ಬೆರಳು ಚೆಂಡಿನ ಮೇಲೆ ನಿಂತಿತು.

ಅವಳು ಮಫ್ಲರನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಹೀಗೂ ಇರಬಹುದೇ ಎಂಬ ಒಂದು ಯೋಚನೆ ಬಂತು. ಛೆ, ಹುಚ್ಚು ಎಂದು ತಳ್ಳಿದರೂ ಅದು ಹೋಗಲಿಲ್ಲ. ಸರಿ, ನೋಡಿಯೇ ಬಿಡೋಣ ಎಂದು ಬಾಯಲ್ಲಿ ‘ಮರ’ ಎಂದಳು. ಮನಸ್ಸಿನಲ್ಲಿ ಮಾತ್ರ ಬಾಗಿಲು, ಬಾಗಿಲು, ಬಾಗಿಲು ಎಂದು ಜಪಿಸುತ್ತ ಬೆರಳನ್ನೇ ನೋಡುತ್ತ ಕೂತಳು. ಬೆರಳು ಮರವನ್ನು ಮುಟ್ಟಿತು, ನಿಲ್ಲಲಿಲ್ಲ. ಚೆಂಡಿನಲ್ಲೂ ನಿಲ್ಲಲಿಲ್ಲ. ಬಾಗಿಲಿನ ಮೇಲೆ ಬಂದು ಗೂಟ ಹೊಡೆದಂತೆ ನಿಂತಿತು. ಚೂಟಿ ನಗುತ್ತ, ಸವರಲಿ ಎಂದು ಕೆನ್ನೆ ಮುಂದೆ ಚಾಚಿದಳು.

ಪಕ್ಕದ ಮಿಸ್ಸು ಕೆನ್ನೆ ಸವರಿದಳು. ಈ ಮಗು ಇಷ್ಟು ದಿನ ಒಂದೇ ಒಂದು ಅಕ್ಷರ ಓದಿಲ್ಲ. ಓದಿದ್ದು ತನ್ನ ಮುಖವನ್ನು. ಬೆರಳು ಸರಿಯಾದ ಚೀಟಿಗೆ ಬಂದಾಗ ತನ್ನ ತುಟಿ ಬಿಗಿಯುತ್ತಿತ್ತೋ, ಗಂಟಲು ಅಲುಗುತ್ತಿತ್ತೋ, ಉಸಿರು ನಿಲ್ಲುತ್ತಿತ್ತೋ, ಆ ದೇವರಿಗೇ ಗೊತ್ತು. ತಾನೇ ಹೇಳಿಕೊಟ್ಟು ತಾನೇ ಚಪ್ಪಾಳೆ ತಟ್ಟಿಕೊಂಡಿದ್ದಳು. ಹಲ್ಲುನೋವು ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ.

ದೊಡ್ಡ ಮಿಸ್ಸು ಮೊದಲು ನಂಬಲಿಲ್ಲ. ಮಫ್ಲರ್ ಮೇಲೆ, ಮಫ್ಲರ್ ಕೆಳಗೆ ಎಂದು ಮಾಡಿ ತೋರಿಸಿದ ಮೇಲೆ ನಂಬಲೇಬೇಕಾಯಿತು. ಮಕ್ಕಳನ್ನೆಲ್ಲ ಆಟಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

“ಅಕ್ಕಾ, ಇದು ನಮ್ಮಿಬ್ಬರಲ್ಲೇ ಇರಲಿ. ನಾಳೆ ಒಂದು ದಿನ ಕಳೆದುಹೋಗಲಿ. ನೀವು ಪಕ್ಕದಲ್ಲಿ ಕೂತಿರ್ತೀರಲ್ಲ, ಪಾಸಾಗ್ತಾಳೆ.”

“ಆಮೇಲೆ ಹೇಗೆ ಮಿಸ್?”

“ಆಮೇಲಿಂದು ಆಮೇಲೆ. ಆ ವಸತಿ ಶಾಲೆಯಲ್ಲಿ ಇವಳು ಊಟ ಬಿಟ್ಟು ಒಣಗಿಹೋಗ್ತಾಳೆ ಅಕ್ಕ. ನೀವೇ ಹೇಳಿ, ಕಳಿಸೋಕೆ ನಿಮಗೆ ಮನಸ್ಸು ಬರುತ್ತಾ?”

ಬರುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು? ಅವಳು ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ನಿಂತು ‘ಹಾಲು’ ಎಂದಳು, ‘ಬಾಗಿಲು’ ಎಂದಳು. ಎರಡಕ್ಕೂ ಅದೇ ಊದಿದ ಕೆನ್ನೆ, ಅದೇ ಮೂಗು. ಅವಳ ಗಂಡ ಪಂಪಿನ ಮೋಟಾರು ರಿಪೇರಿ ಮಾಡುವವನು, ಮೋಟಾರಿನ ಸದ್ದು ಕೇಳಿಯೇ ಒಳಗೆ ಯಾವ ತಂತಿ ಸುಟ್ಟಿದೆ ಎಂದು ಹೇಳುವ ಆಸಾಮಿ. ಚಹಾ ಕುಡಿಯುತ್ತ ಕೂತಿದ್ದವನ ಮುಂದೆ ಅವಳು ನಾಲ್ಕು ಚೀಟಿ ಹರಡಿದಳು.

“ರೀ, ಇದರಲ್ಲಿ ಒಂದನ್ನ ಮನಸ್ಸಲ್ಲಿ ಅಂದ್ಕೊಂಡಿದೀನಿ. ನನ್ನ ಮುಖ ನೋಡಿ ಯಾವುದು ಅಂತ ಹೇಳಿ.”

“ಮುಖದಲ್ಲಿ ಏನೇ ಕಾಣುತ್ತೆ? ಊದ್ಕೊಂಡಿರೋದು ಕಾಣುತ್ತೆ.”

“ತಮಾಷೆ ಬೇಡ. ನೋಡಿ ಹೇಳಿ.”

ಅವನು ಕನ್ನಡಕ ಸರಿಮಾಡಿಕೊಂಡು, ಸುಟ್ಟ ಮೋಟಾರನ್ನು ನೋಡುವ ಶ್ರದ್ಧೆಯಿಂದ ಅವಳ ಮುಖ ನೋಡಿದ. ಚೆಂಡು ಎಂದ, ಅಲ್ಲ. ಮರ ಎಂದ, ಅದೂ ಅಲ್ಲ. ಮತ್ತೊಂದನ್ನು ನೆನೆದುಕೊಂಡಳು, ಮತ್ತೆ ತಪ್ಪಿದ. ಒಂದೇ ಸೂರಿನಡಿ ಬಾಳಿ ಮಕ್ಕಳ ಮದುವೆಯನ್ನೂ ಮಾಡಿದ ಮನುಷ್ಯ. ಅವಳಿಗೆ ನಗು ಬಂತು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಇಷ್ಟೊಂದು ಗಮನವಿಟ್ಟು ತನ್ನನ್ನು ನೋಡಿದವರು ಈ ಜನ್ಮದಲ್ಲಿ ಒಬ್ಬರೇ, ಅದೂ ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ಒಂದು ಮಗು. ಗಂಡ ಕಂಗಾಲಾಗಿ, “ಹಲ್ಲಿನ ಡಾಕ್ಟರ ಹತ್ತಿರ ಹೋಗೋಣವೇನೇ?” ಎಂದ.

ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ ಹೊಲಿಗೆಯವಳು ಮಗಳನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಚೂಟಿಯ ಮೈಮೇಲೆ ಪೇಟೆಯ ಶಾಲೆಯ ಹೊಸ ಸಮವಸ್ತ್ರ. ತಾಯಿಯೇ ಹೊಲಿದದ್ದು, ಬೆಳೆಯುವ ಮಗುವೆಂದು ಅಂಚು ಮಡಿಚಿ ಬಿಟ್ಟಿದ್ದಳು. ಪಕ್ಕದ ಮಿಸ್ಸು ಆ ಅಂಚನ್ನು ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ ತಾಯಿಯನ್ನು ನಲ್ಲಿಯ ಹತ್ತಿರಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಹೊಲಿಗೆಯವಳ ಮುಖದ ಬಣ್ಣವೇ ಇಳಿದುಹೋಯಿತು. ಮರುಗಳಿಗೆಯೇ ಕೆಂಪಾಯಿತು.

“ಏನು ಮಿಸ್ ನೀವು? ಇವತ್ತು, ಈ ಹೊತ್ತಲ್ಲಿ, ಈ ಮಾತು ಆಡ್ತೀರಾ? ನನ್ನ ಮಗಳು ಓದ್ತಾಳೆ. ಇಡೀ ಊರಿಗೆ ಹೇಳಿದೀನಿ ನಾನು.”

“ನಾನೂ ಹೇಳಿದೀನಿ ಕಣಮ್ಮ. ನನಗೂ ಗೊತ್ತಿರಲಿಲ್ಲ.”

“ಹಾಗಾದ್ರೆ ಸುಮ್ನೆ ಅವಳ ಪಕ್ಕ ಕೂತ್ಕೊಳ್ಳಿ. ಅಷ್ಟೇ ತಾನೇ ನಿಮ್ಮ ಕೆಲಸ? ಅವಳನ್ನ ಆ ದೂರದ ಊರಿಗೆ ಕಳಿಸಿ ನಾನು ಯಾರಿಗೋಸ್ಕರ ಮಿಷನ್ ತುಳೀಲಿ?”

“ಪಕ್ಕದಲ್ಲೇ ಕೂತ್ಕೋತೀನಿ. ಆದರೆ ಗೋಡೆ ಕಡೆ ಮುಖ ಮಾಡಿ ಕೂತ್ಕೋತೀನಿ. ನೀನು ಹೇಳಿದ ಹಾಗೆ ಅವಳಿಗೆ ಓದು ಬರೋದಾದ್ರೆ ಆಗಲೂ ಬರುತ್ತೆ.”

“ಬರುತ್ತೆ. ನೋಡ್ತಾ ಇರಿ” ಎಂದು ಹೊಲಿಗೆಯವಳು ಹಲ್ಲು ಕಚ್ಚಿದಳು.

ಪರೀಕ್ಷೆಯ ಮೇಡಂ ನಗುಮುಖದವರು. ಚೂಟಿಯ ಎದುರಿಗೆ ಮೇಜಿನಾಚೆ ಕೂತು ತಮ್ಮದೇ ಚೀಟಿಗಳನ್ನು ಹರಡಿದರು. ದೊಡ್ಡ ಮಿಸ್ಸು ಕಿಟಕಿಯ ಹತ್ತಿರ ಉಗುರು ಕಚ್ಚುತ್ತ ನಿಂತರು, ತಾಯಿ ಬಾಗಿಲಿಗೆ ಒರಗಿದಳು. ಪಕ್ಕದ ಮಿಸ್ಸು ಕುರ್ಚಿ ತಿರುಗಿಸಿ ಗೋಡೆ ನೋಡುತ್ತ ಕೂತಳು. ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿತ್ತು. ತಿರುಗಿ ಕೂತವಳನ್ನು ಎಲ್ಲರೂ ವಿಚಿತ್ರವಾಗಿ ನೋಡಿರಬೇಕು, ಅವಳಿಗೆ ಕಾಣಲಿಲ್ಲ.

“ಕೊಡೆ” ಎಂದರು ಮೇಡಂ.

ರಟ್ಟಿನ ಮೇಲೆ ಬೆರಳು ಸರಿಯುವ ಸದ್ದು. ಆಮೇಲೆ ಮೇಡಂ ಅವರ ದನಿ. “ಸರಿ.”

ಪಕ್ಕದ ಮಿಸ್ಸು ಕಿವಿ ನಿಮಿರಿಸಿದಳು.

“ಹಸು.” ಮತ್ತೆ ಅದೇ ಸರಸರ. “ಸರಿ. ಜಾಣೆ. ಕಿಟಕಿ ಯಾವುದಮ್ಮ? ಸರಿ.”

ಹಾಗಾದರೆ ಬರುತ್ತದೆಯೇ? ಓದು ಬರುತ್ತದೆ! ಬಂಗಾರದಂಥ ಮಗುವಿನ ಮೇಲೆ ತಾನು ಇಲ್ಲದ ಸುಳ್ಳು ಹೊರಿಸಿ, ಆ ತಾಯಿಯ ಹೊಟ್ಟೆ ಉರಿಸಿದೆನಲ್ಲ, ತನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದು ಶಪಿಸಿಕೊಂಡಳು. ಸಂತೋಷ ತಡೆಯಲಾಗಲಿಲ್ಲ. ಮಗುವನ್ನು ಒಂದು ಸಲ ಕಣ್ತುಂಬ ನೋಡೋಣವೆಂದು ತಿರುಗಿದಳು.

ಚೂಟಿ ಚೀಟಿಗಳ ಕಡೆ ನೋಡುತ್ತಲೇ ಇರಲಿಲ್ಲ. ಬೆರಳು ತನ್ನ ಪಾಡಿಗೆ ತಾನು ಸರಿಯುತ್ತಿತ್ತು, ಕಣ್ಣು ಮಾತ್ರ ಪರೀಕ್ಷೆಯ ಮೇಡಂ ಅವರ ಮುಖದಲ್ಲಿ ನೆಟ್ಟಿತ್ತು. ಆ ಮುಖವನ್ನು ಅವಳು ಮೊದಲು ಕಂಡದ್ದೇ ಆ ಬೆಳಿಗ್ಗೆ. ಮೇಡಂ ನಗುತ್ತಿದ್ದರು. ತಾವು ಏನು ಹೇಳಿಕೊಡುತ್ತಿದ್ದೇವೆ ಎಂಬ ಅರಿವೇ ಅವರಿಗಿರಲಿಲ್ಲ. ಬೆರಳು ನಿಂತಿತು. “ಸರಿ” ಎಂದು ಮೇಡಂ ಪೆನ್ನಿನ ಮುಚ್ಚಳ ತೆಗೆದರು. “ಸಾಕು ಬಿಡಿ. ಧಾರಾಳವಾಗಿ ಓದ್ತಾಳೆ. ಪೇಟೆಯ ಶಾಲೆಗೆ ಬರೆದುಕೊಡ್ತೀನಿ.”

ಪಕ್ಕದ ಮಿಸ್ಸು ತಾಯಿಯ ಕಡೆ ನೋಡಿದಳು. ತಾಯಿಗೂ ಕಂಡಿತ್ತು. ಬೇಡ ಎಂದು ಅವಳು ತಲೆಯಾಡಿಸಿದಳು, ಎರಡೂ ಕೈ ಎದೆಯ ಹತ್ತಿರ ಸೇರಿದ್ದವು. ದೊಡ್ಡ ಮಿಸ್ಸು ನೆಲ ನೋಡಿದರು.

ಸುಮ್ಮನಿದ್ದುಬಿಡೋಣ ಎಂದು ಅವಳಿಗೂ ಅನಿಸಿತು, ಅನಿಸದೆ ಇರಲು ಅವಳೇನು ಕಲ್ಲೇ? ತಾನು ಮೋಸ ಮಾಡಿಲ್ಲ, ಗೋಡೆ ನೋಡುತ್ತ ಕೂತಿದ್ದೆ, ಸಾಕಲ್ಲ. ಆದರೆ ಪೇಟೆಯ ಶಾಲೆಯ ತುಂಬಿದ ತರಗತಿ ಕಣ್ಣ ಮುಂದೆ ಬಂತು. ಬೋರ್ಡಿನ ಕಡೆ ತಿರುಗಿ ಬರೆಯುವ ಮೇಷ್ಟ್ರು, ಅವರ ಬೆನ್ನನ್ನೇ ನೋಡುತ್ತ ಬೆರಳು ಸುತ್ತಿಸುವ ಚೂಟಿ. ಓದು ಬರುತ್ತದೆ ಎಂದು ಬರೆದುಕೊಟ್ಟ ಮೇಲೆ ಅವಳಿಗೆ ಓದು ಕಲಿಸುವವರು ಯಾರು?

“ಮೇಡಂ, ತಪ್ಪು ತಿಳ್ಕೋಬೇಡಿ” ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. “ಒಂದು ಸಲ ಮುಖಕ್ಕೆ ಪುಸ್ತಕ ಅಡ್ಡ ಹಿಡ್ಕೊಂಡು ಕೇಳಿ.”

ಮೇಡಂ ಹುಬ್ಬೇರಿಸಿದರು. ಆದರೂ ಪುಸ್ತಕ ಎತ್ತಿ ಹಿಡಿದು “ಕೊಡೆ” ಎಂದರು. ಆಗ ತಾನೇ ಸರಿಯಾಗಿ ತೋರಿಸಿದ್ದ ಪದ. ಬೆರಳು ಸುತ್ತಿತು, ಸುತ್ತಿತು, ಎಲ್ಲೂ ನಿಲ್ಲಲಿಲ್ಲ. ಚೂಟಿ ಎದ್ದು ನಿಂತು ಮೇಜಿನ ಮೇಲೆ ಬಗ್ಗಿ, ಒಂದು ಬೆರಳಿನಿಂದ ಪುಸ್ತಕವನ್ನು ಮೆಲ್ಲಗೆ ಕೆಳಗೆ ತಳ್ಳಿ ಮೇಡಂ ಮುಖ ನೋಡಿದಳು. ಮತ್ತೆ ಕೂತು ಬೆರಳು ಸರಿಸುತ್ತ ಹೋಗಿ ಕೊಡೆಯ ಮೇಲಿಟ್ಟಳು.

ಮೇಡಂ ಕೈಯಿಂದ ಪೆನ್ನು ಜಾರಿತು. “ನಾನು ಏನೂ ಮಾಡಲಿಲ್ಲವಲ್ಲ” ಎಂದರು, ತಮ್ಮ ಕೆನ್ನೆಯನ್ನು ತಾವೇ ಮುಟ್ಟಿಕೊಳ್ಳುತ್ತ.

“ನಾನೂ ಏನೂ ಮಾಡಿರಲಿಲ್ಲ ಮೇಡಂ” ಎಂದಳು ಪಕ್ಕದ ಮಿಸ್ಸು.

ಮೇಡಂ ಸುಧಾರಿಸಿಕೊಂಡು ತಾಯಿಯ ಕಡೆ ತಿರುಗಿದರು. “ನೋಡಮ್ಮ, ಓದು ಬರುತ್ತೆ ಅಂತ ಬರೆಯೋಕೆ ನನಗೆ ಆಗಲ್ಲ. ವಸತಿ ಶಾಲೆಗೆ ಬೇಕಾದರೆ ಬರೀತೀನಿ. ಬೇಡ ಅಂದ್ರೆ ಇಲ್ಲೇ ಉಳೀಲಿ, ಚಿಕ್ಕ ಮಕ್ಕಳ ಜೊತೆ ಮೊದಲಕ್ಷರದಿಂದ ಶುರುವಾಗಬೇಕು. ಎಷ್ಟು ವರ್ಷ ಹಿಡಿಯುತ್ತೋ ಹೇಳೋಕಾಗಲ್ಲ. ತೀರ್ಮಾನ ನಿಮ್ಮದು.”

ಹೊಲಿಗೆಯವಳಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಅವಳು ಪಕ್ಕದ ಮಿಸ್ಸಿನ ತೋಳು ಹಿಡಿದಿದ್ದಳು, ಉಗುರು ನಾಟುವಷ್ಟು ಬಿಗಿಯಾಗಿ.

“ಮಿಸ್, ಇವಳು ಯಾರ ಮುಖ ಬೇಕಾದ್ರೂ ಓದ್ತಾಳಾ?”

“ಓದ್ತಾಳೆ ಅನ್ಸುತ್ತೆ.”

“ಹಾಗಾದ್ರೆ ನನ್ನದೂ ಓದಿರ್ತಾಳೆ.” ಹೊಲಿಗೆಯವಳ ದನಿ ಪಿಸುಮಾತಿಗೆ ಇಳಿಯಿತು. “ಮಿಷನ್ ಎದುರಿಗೆ ಕೂತು ದಿನಾ ನನ್ನ ಮುಖಾನೇ ನೋಡ್ತಾ ಇರ್ತಾಳೆ. ಏನೂ ತಿಳಿಯದ ಕೂಸು ಅಂತ ನಾನು ಮುಖ ಮುಚ್ಚಿಟ್ಕೊಂಡವಳಲ್ಲ. ಇವಳು ಹುಟ್ಟದೇ ಇದ್ದಿದ್ರೆ ಅಂತ ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ ಮಿಸ್? ಬಾಯಿ ಬಿಟ್ಟು ಒಂದು ದಿನಾನೂ ಅಂದಿಲ್ಲ. ಬರೀ ಮನಸ್ಸಲ್ಲಿ.”

ಪಕ್ಕದ ಮಿಸ್ಸು ತನ್ನ ತೋಳಿನ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡಳು.

ಅಷ್ಟರಲ್ಲಿ ಚೂಟಿ ಎದ್ದು ಬಂದು ತಾಯಿಯ ಮುಂದೆ ನಿಂತಿದ್ದಳು. ತಲೆಯೆತ್ತಿ ನೋಡಿದಳು. ಹೊಲಿಗೆಯವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳಲು ಹೋದವಳು, ಏನನ್ನಿಸಿತೋ, ಸೆರಗು ಬಿಟ್ಟು ಮಂಡಿಯೂರಿ ಕೂತು ಮಗಳಿಗೆ ಮುಖ ಕೊಟ್ಟಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗು ಆ ಮುಖವನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿತು, ಬೆರಳು ಚೀಟಿಗಳ ಮೇಲೆ ಸರಿಯುವಷ್ಟೇ ನಿಧಾನವಾಗಿ.

“ಏನಂತೀರಮ್ಮ?” ಎಂದು ಪರೀಕ್ಷೆಯ ಮೇಡಂ ಮತ್ತೊಮ್ಮೆ ಕೇಳಿದರು. “ವಸತಿ ಶಾಲೆಯೋ, ಇಲ್ಲೋ?”

ಚೂಟಿ ತಿರುಗಿ, ಹೊಸ ಸಮವಸ್ತ್ರದಲ್ಲೇ ಸರಸರ ನಡೆದು ಹೋಗಿ ತನ್ನ ಹಳೆಯ ಬೆಂಚಿನಲ್ಲಿ ಕೂತಳು. ಕೂತವಳು ಗೋಡೆಯ ಕಡೆ ಸರಿದು ಪಕ್ಕದ ಮಿಸ್ಸಿಗೂ ಜಾಗ ಬಿಟ್ಟಳು. ತಾಯಿ ಇನ್ನೂ ಬಾಯಿ ತೆರೆದಿರಲಿಲ್ಲ.